ಒಂದು ಅಕ್ಷರ: ವಿಷವೋ ವಿಷಯೆಯೋ?

ಕೊಪ್ಪ ತಾಲ್ಲೂಕಿನ ಬಾಳಗಡಿಯ ಹೆಸರನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪರವೂರಿನ ಗೆಳೆಯನಿಗೆ ಕಳುಹಿಸಿ ನೋಡಿ. ಆತ ಅದನ್ನು ‘ಬಲಗಡಿ’ ಎಂದೂ ಓದಬಹುದು, ‘ಬಾಲಗಾಡಿ’ ಎಂದೂ ಓದಬಹುದು. ಹಾಗೆ ಬರೆಯುವಾಗ ಅ-ಆಗಳಿಗೆ, ಲ-ಳಗಳಿಗೆ ನಾವು ಬಳಸುವುದು ಒಂದೊಂದೇ ಅಕ್ಷರ. ಮದುವೆ ಮನೆಯವರು ‘ಬಾಳೆ ತನ್ನಿ’ ಎಂದು ಬರೆದರೆ ಪೇಟೆಗೆ ಹೋದವರು ಬಳೆ ತಂದಾರು, ಬಲೆಯನ್ನೂ ತಂದಾರು. ನಾವು ನಗುತ್ತೇವೆ, ಬರೆದವರನ್ನು ದಡ್ಡರೆನ್ನುತ್ತೇವೆ. ಇದರಲ್ಲಿ ಓದಿದವರ ಪಾಲೆಷ್ಟು ಎಂದು ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಕನ್ನಡ ಕಾವ್ಯ ಹಿಂದೆಯೇ ಎತ್ತಿದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ದೇವನೂರಿನವನೆಂದು ಹೇಳಲಾಗುವ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಚಂದ್ರಹಾಸನ ಕಥೆ ಯಕ್ಷಗಾನ ಬಲ್ಲವರಿಗೆಲ್ಲ ಪರಿಚಿತ. ಮಂತ್ರಿ ದುಷ್ಟಬುದ್ಧಿ, ಚಂದ್ರಹಾಸನಿಗೆ ವಿಷ ಕೊಡುವಂತೆ ತನ್ನ ಮಗ ಮದನನಿಗೆ ಪತ್ರ ಬರೆದು ಅದನ್ನು ಚಂದ್ರಹಾಸನ ಕೈಯಲ್ಲೇ ಕಳುಹಿಸುತ್ತಾನೆ. ದಾರಿಯಲ್ಲಿ ನಿದ್ದೆಹೋದವನ ಬಳಿಯಿದ್ದ ಪತ್ರವನ್ನು ಮಂತ್ರಿಯ ಮಗಳು ವಿಷಯೆ ಓದುತ್ತಾಳೆ. ಇದು ಅಪ್ಪನ ಕೈತಪ್ಪೆಂದು ಬಗೆದು ‘ವಿಷ’ವನ್ನು ‘ವಿಷಯೆ’ ಎಂದು ತಿದ್ದುತ್ತಾಳೆ. ಕೊಲೆಯ ಆಜ್ಞೆ ಮದುವೆಯ ಓಲೆಯಾಗುತ್ತದೆ.

ಇದನ್ನು ವಿಧಿಯಾಟವೆಂದೋ ತಮಾಷೆಯೆಂದೋ ನೋಡಿ ಮುಗಿಸುವುದು ಸಾಲದೆಂಬುದು ನಮ್ಮ ಅಭಿಪ್ರಾಯ. ಪತ್ರದಲ್ಲಿ ಅಕ್ಷರದೋಷವೇ ಇರಲಿಲ್ಲ. ದೋಷವಿದ್ದದ್ದು ಬರೆದವನ ಮನಸ್ಸಿನಲ್ಲಿ. ವಿಷಯೆಗೆ ಚಂದ್ರಹಾಸನ ಮೇಲೆ ಮನಸ್ಸಿತ್ತು, ನಿಜ. ಆದರೂ ತನ್ನಪ್ಪ ಒಬ್ಬ ಅಮಾಯಕನನ್ನು ಕೊಲ್ಲಿಸಿಯಾನೆಂದು ಅವಳು ನಂಬಲಿಲ್ಲ. ಆ ಸದ್ಭಾವನೆಯೇ ಒಂದು ಜೀವವನ್ನು ಉಳಿಸಿತು.

ಉರ್ದು ಬಲ್ಲವರಿಗೆ ಇದರ ಮಗ್ಗುಲು ಗೊತ್ತು. ಒಂದೇ ಒಂದು ಚುಕ್ಕೆ ಹೆಚ್ಚಾದರೆ ಪ್ರಾರ್ಥನೆ ಎಂಬರ್ಥದ ‘ದುಆ’, ಮೋಸ ಎಂಬರ್ಥದ ‘ದಗಾ’ ಆಗಿಬಿಡುತ್ತದೆ. ಇಂದು ವಾಟ್ಸ್‌ಆ್ಯಪ್‌ನಲ್ಲಿ ನಾವು ಮಾಡುತ್ತಿರುವುದು ವಿಷಯೆ ಮಾಡಿದ್ದಕ್ಕೆ ತೀರಾ ವಿರುದ್ಧ. ಬರೆದವರ ಹೆಸರು ಬೇರೆ ಧರ್ಮದ್ದಾದರಂತೂ ಅವರ ಕೈತಪ್ಪಿನಲ್ಲಿ ನಮಗೆ ಕಾಣುವುದು ದಗಾ ಮಾತ್ರ. ಕಂಡದ್ದನ್ನು ಹತ್ತು ಜನರಿಗೆ ರವಾನಿಸುವುದಕ್ಕೂ ತಡಮಾಡುವುದಿಲ್ಲ. ನಂಬಲರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಿಕೊಳ್ಳಬೇಕು, ಅರಿಯದೆ ಯಾರಿಗೂ ಹಾನಿ ಮಾಡಬಾರದು ಎಂಬುದು ಕುರ್‌ಆನಿನ ‘ಅಲ್ ಹುಜುರಾತ್’ ಅಧ್ಯಾಯದ 6ನೇ ವಚನದ ತಾತ್ಪರ್ಯ. ತಂದವರು ನಮ್ಮವರೇ ಆದರೂ ಈ ಎಚ್ಚರ ಬೇಡವೇ?

ಬಾಳೆಯೋ ಬಳೆಯೋ ಎಂದು ಒಂದು ಫೋನ್ ಮಾಡಿ ಕೇಳಿದರೆ ಮದುವೆ ಮನೆಯ ಗೊಂದಲ ಮುಗಿಯುತ್ತದೆ. ಊರಿನ ಗೊಂದಲಕ್ಕೂ ಅಷ್ಟೇ ಸಾಕಾಗಬಹುದು. ಕೇಳುವ ಮನಸ್ಸು ಬೇಕು.