ದೈಹಿಕ ಚಟುವಟಿಕೆಯ ಅಳತೆಗೋಲು: ಚಿನ್ನದ ಗಣಿಯ ನಾಡಿನಿಂದ ಒಂದು ವಿಮರ್ಶೆ

2022ರಲ್ಲಿ ಭಾರತದ ವಯಸ್ಕರ ಪೈಕಿ ಶೇ. 49.4 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. 2000ದಲ್ಲಿ ಈ ಪ್ರಮಾಣ ಶೇ. 22.3 ಆಗಿತ್ತು. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ಇದು. ಅದರ ಪ್ರಕಾರ ಹೆಂಗಸರಲ್ಲಿ ಸುಮಾರು ಶೇ. 57, ಗಂಡಸರಲ್ಲಿ ಶೇ. 42 ಮಂದಿ ಚಟುವಟಿಕೆ ಸಾಲದವರು. ಸಕ್ಕರೆ ಕಾಯಿಲೆ, ಹೃದ್ರೋಗಗಳು ಹೆಚ್ಚುತ್ತಿರುವಾಗ ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಯಾವುದೇ ಅಂಕಿಯನ್ನು ಒಪ್ಪುವ ಮೊದಲು ಅದನ್ನು ಅಳೆದ ಅಳತೆಗೋಲನ್ನು ಪರೀಕ್ಷಿಸುವುದು ಭೌತವಿಜ್ಞಾನದ ಪದ್ಧತಿ. ಈ ಪರೀಕ್ಷೆಗೆ ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಪಕ್ಕದ ಬಂಗಾರಪೇಟೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಒಂದೇ ತಲೆಮಾರಿನಲ್ಲಿ ದುಡಿಮೆಯ ರೀತಿ ಪೂರ್ತಿ ಬದಲಾದ ಊರುಗಳಿವು.

ಮೊದಲು ನಿಯಮಗಳನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಜನರನ್ನು ವಯಸ್ಸಿನ ಪ್ರಕಾರ ವಿಂಗಡಿಸುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮ ಅಥವಾ ತೀವ್ರ ಚಟುವಟಿಕೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಚಟುವಟಿಕೆ. 65 ದಾಟಿದವರಿಗೆ ಇದರ ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ಅಭ್ಯಾಸ. ಸರಳವಾದ, ನೆನಪಿಡಲು ಸುಲಭವಾದ ಸಲಹೆ. ತೊಂದರೆ ಇರುವುದು ಸಲಹೆಯಲ್ಲಲ್ಲ, ಅದನ್ನೇ ಸಂಶೋಧನೆಯ ಮಾಪನವಾಗಿ ಬಳಸುವುದರಲ್ಲಿ.

ಮಾಪನದ ಮೂಲಮಾನ 'ಮೆಟ್'. ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಕ್ಸಿಜನ್, ಅಂದರೆ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್, ಒಂದು ಮೆಟ್. ಸುಮಾರು 770 ವಯಸ್ಕರನ್ನು ಅಳೆದು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸರಾಸರಿ ಕೇವಲ 2.6 ಮಿಲಿಲೀಟರ್ ಬಂದಿತು. ಹೀಗೆ ಮೂಲಮಾನವೇ ಜಾರುವಾಗ ಅದರ ಗುಣಕಗಳ ನಿಖರತೆ ಎಷ್ಟು?

ಆದರೂ ಅದೇ ಲೆಕ್ಕವನ್ನು ಒಬ್ಬ ಗಣಿ ಕಾರ್ಮಿಕನಿಗೆ ಅನ್ವಯಿಸಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ತೀವ್ರ ಕೆಲಸಕ್ಕೆ 8 ಮೆಟ್ ಕೊಡುತ್ತದೆ; ವಾರಕ್ಕೆ 600 ಮೆಟ್-ನಿಮಿಷ ದಾಟಿದರೆ 'ಸಾಕಷ್ಟು ಚಟುವಟಿಕೆ'. ನೆಲದಡಿ ದಿನಕ್ಕೆ ನಾಲ್ಕು ಗಂಟೆ ಬಂಡೆ ಕೊರೆಯುವ ಕೆಲಸ, ವಾರಕ್ಕೆ ಆರು ದಿನ ಎಂದಿಟ್ಟುಕೊಂಡರೆ ಮೊತ್ತ 11,520 ಮೆಟ್-ನಿಮಿಷ. ನಿಗದಿತ ಮಟ್ಟದ 19 ಪಟ್ಟು! ಈ ಅಳತೆಗೋಲಿನ ಪ್ರಕಾರ ಆತನಷ್ಟು ಆರೋಗ್ಯದ ಹಾದಿಯಲ್ಲಿ ಇರುವವರು ಇನ್ನಾರೂ ಇಲ್ಲ. ವಾಸ್ತವ ಬೇರೆ. ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ದೊಡ್ಡ ಸಮೀಕ್ಷೆ 1940ರ ದಶಕದಲ್ಲಿ ನಡೆದದ್ದು ಇದೇ ಗಣಿಗಳಲ್ಲಿ. ಪರೀಕ್ಷಿಸಿದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗ ಕಂಡುಬಂದಿತ್ತು. ತೀವ್ರ ಕೆಲಸ ಮಾಡುವವನು ವೇಗವಾಗಿ, ಆಳವಾಗಿ ಉಸಿರಾಡುತ್ತಾನೆ. ಅಷ್ಟೇ ಹೆಚ್ಚು ದೂಳು ಶ್ವಾಸಕೋಶ ಸೇರುತ್ತದೆ. ಇಲ್ಲಿ ಚಟುವಟಿಕೆ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ದೂಳಿನ ನಂತರ ಶಾಖ. ಮೂರು ಕಿಲೋಮೀಟರಿಗೂ ಮೀರಿದ ಆಳದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕಠಿಣ ದುಡಿಮೆಯಲ್ಲಿ ದೇಹ ಗಂಟೆಗೆ 350 ಕಿಲೋಕ್ಯಾಲರಿ ಶಾಖ ಹೊರಹಾಕಬೇಕಾಯಿತೆನ್ನಿ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಗುಪ್ತೋಷ್ಣವನ್ನು ಒಯ್ಯುತ್ತದೆ. ಹಾಗಾಗಿ ಗಂಟೆಗೆ 600 ಮಿಲಿಲೀಟರ್ ಬೆವರು ಆವಿಯಾಗಬೇಕು. ಗಾಳಿಯಲ್ಲಿ ತೇವಾಂಶ ತುಂಬಿದ್ದರೆ ಬೆವರು ಆವಿಯಾಗದೆ ಬರಿದೇ ತೊಟ್ಟಿಕ್ಕುತ್ತದೆ. ನೀರೂ ನಷ್ಟ, ಶಾಖವೂ ಉಳಿಯಿತು. ಕೆಲಸ ಅದೇ, ಮೆಟ್ ಅದೇ, ಹೃದಯದ ಮೇಲಿನ ಹೊರೆ ಮಾತ್ರ ಬೇರೆ. ಇಲ್ಲಿನ ಆಳದ ಗಣಿಗಳಲ್ಲಿ ಉಷ್ಣತೆ ಮತ್ತು ಕಾರ್ಮಿಕರ ಕಾರ್ಯಕ್ಷಮತೆಯ ಸಂಬಂಧವನ್ನು ಪ್ರಯೋಗದಿಂದ ಪರಿಶೀಲಿಸಿ ಕ್ಯಾಪ್ಲನ್ ಮತ್ತು ಲಿಂಡ್ಸೆ 1946ರಲ್ಲೇ ವರದಿ ಪ್ರಕಟಿಸಿದ್ದರು. ಅಂದು ತಿಳಿದಿದ್ದ ಪಾಠ ಇಂದಿನ ಪ್ರಶ್ನಾವಳಿಯಲ್ಲಿ ಕಾಣೆಯಾಗಿದೆ. ಬೇಸಿಗೆಯಲ್ಲಿ ಕಟ್ಟಡ ಕೆಲಸ ಮಾಡುವವರಿಗೂ ಟೊಮೇಟೊ ತೋಟದ ಕೂಲಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಹಿತ, ಆದರೆ ವಿಶ್ರಾಂತಿಯಿಲ್ಲದೆ ದಿನವಿಡೀ ಮಾಡುವ ಭಾರದ ಕೆಲಸಕ್ಕೆ ಅದೇ ಫಲವಿಲ್ಲ ಎಂಬ ವಾದವನ್ನು ಡೆನ್ಮಾರ್ಕಿನ ಸಂಶೋಧಕರು ಒಂದು ದಶಕದಿಂದ ಮುಂದಿಡುತ್ತಿದ್ದಾರೆ. ಇದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಎರಡನ್ನೂ ಒಂದೇ ಮೊತ್ತಕ್ಕೆ ಸೇರಿಸಿದರೆ ಚರ್ಚೆಗೆ ಬೇಕಾದ ದತ್ತಾಂಶವೇ ಉಳಿಯುವುದಿಲ್ಲ.

ಅಳತೆಗೋಲು ಕೆಲವರ ದುಡಿಮೆಯನ್ನು ಹೆಚ್ಚಾಗಿ ಎಣಿಸಿದರೆ, ಕೆಲವರದನ್ನು ಎಣಿಸುವುದೇ ಇಲ್ಲ. ಬಂಗಾರಪೇಟೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ನೋಡಿ. ಹಸುವಿಗೆ ಮೇವು ಹಾಕುವುದು, ಸಗಣಿ ಬಾಚುವುದು, ಹಾಲು ಕರೆಯುವುದು, ನೀರು ಹೊರುವುದು, ರೇಷ್ಮೆ ಹುಳುವಿಗೆ ದಿನಕ್ಕೆ ಹಲವು ಬಾರಿ ಹಿಪ್ಪುನೇರಳೆ ಸೊಪ್ಪು ಹರಡುವುದು. ಇವುಗಳಲ್ಲಿ ಎಷ್ಟೋ ಕೆಲಸ ಐದಾರು ನಿಮಿಷದ್ದು. ಆದರೆ ಪ್ರಶ್ನಾವಳಿ ಕೇಳುವುದು 'ಒಂದೇ ಸಮನೆ ಕನಿಷ್ಠ 10 ನಿಮಿಷ' ಮಾಡಿದ ಕೆಲಸವನ್ನು. 2020ರ ಮಾರ್ಗಸೂಚಿ ಈ 10 ನಿಮಿಷದ ನಿಬಂಧನೆಯನ್ನು ಕೈಬಿಟ್ಟು, ಪ್ರತಿ ಚಲನೆಯೂ ಲೆಕ್ಕಕ್ಕೆ ಬರುತ್ತದೆ ಎಂದಿತು. ಹಳೆಯ ಪ್ರಶ್ನೆಗಳಿಂದ ಸಂಗ್ರಹಿಸಿದ ಉತ್ತರಗಳು ಮಾತ್ರ ಹಾಗೆಯೇ ಉಳಿದಿವೆ. ಶೇ. 57 ಹೆಂಗಸರು 'ನಿಷ್ಕ್ರಿಯರು' ಎಂಬ ಮಾತಿನಲ್ಲಿ ಎಷ್ಟು ಭಾಗ ಜೀವನಕ್ರಮ, ಎಷ್ಟು ಭಾಗ ಪ್ರಶ್ನೆಯ ದೋಷ ಎಂಬುದನ್ನು ಬೇರ್ಪಡಿಸಬೇಕಾಗಿದೆ.

ಇನ್ನು ತಟ್ಟೆಯ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ 65 ಕಿಲೋಗ್ರಾಂ ತೂಕದ ಗಂಡಸಿಗೆ ಕಠಿಣ ದುಡಿಮೆಯಿದ್ದರೆ ದಿನಕ್ಕೆ 3470 ಕಿಲೋಕ್ಯಾಲರಿ, ಕುಳಿತು ಮಾಡುವ ಕೆಲಸವಾದರೆ 2110. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೆಲದಡಿ ದುಡಿದ ತಂದೆಯ ಮಗ ಇಂದು ನಸುಕಿನ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರು ತಲುಪಿ, ಕಾವಲು ಕೆಲಸಕ್ಕೋ ಕಚೇರಿಗೋ ಹೋಗುತ್ತಾನೆ. ಇಬ್ಬರ ನಡುವಣ ವ್ಯತ್ಯಾಸ 1360 ಕಿಲೋಕ್ಯಾಲರಿ, ಸುಮಾರು 380 ಗ್ರಾಂ ಅಕ್ಕಿಗೆ ಸಮ. 'ಅನ್ನ ಕಡಿಮೆ ಮಾಡಿ' ಎಂಬ ಸಲಹೆ ಇಲ್ಲಿಂದ ಹುಟ್ಟುತ್ತದೆ. ಆದರೆ ಪ್ರೋಟೀನಿನ ಶಿಫಾರಸು ಇಬ್ಬರಿಗೂ 54 ಗ್ರಾಂ. ಅಕ್ಕಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ತಂದೆಗೆ 77 ಗ್ರಾಂ ಪ್ರೋಟೀನ್ ಸಿಗುತ್ತಿತ್ತು. ಮಗನಿಗೆ ಸಿಗುವುದು 47. ಗುಣಮಟ್ಟದಲ್ಲಿಯೂ ಧಾನ್ಯದ ಪ್ರೋಟೀನ್ ಕೊಂಚ ಹಿಂದೆ. ಹಾಗಾಗಿ ಮಗನ ತಟ್ಟೆ ಚಿಕ್ಕದಾದರೆ ಸಾಲದು; ಅದರಲ್ಲಿ ಬೇಳೆ, ಕಾಳು, ಮೊಟ್ಟೆ, ಹಾಲು, ಸೊಪ್ಪಿನ ಪಾಲು ಹೆಚ್ಚಬೇಕು. ಇವು ಅಕ್ಕಿಗಿಂತ ದುಬಾರಿ. ಕೆಲಸ ಹಗುರವಾದಾಗ ಒಳ್ಳೆಯ ಊಟದ ಖರ್ಚು ಏರುತ್ತದೆ ಎಂಬುದನ್ನು ಕ್ಯಾಲರಿಯ ಕೋಷ್ಟಕ ತೋರಿಸುವುದಿಲ್ಲ.

ಕೋಲಾರ ಜಿಲ್ಲೆಯಲ್ಲಿ ನೀರನ್ನೂ ಆಹಾರದ ಲೆಕ್ಕಕ್ಕೆ ಸೇರಿಸಬೇಕು. ಇಲ್ಲಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆ ಮಿತಿಯ ನೀರನ್ನೇ ನೆರಳಿನಲ್ಲಿ ಕುಳಿತವನು ಎರಡು ಲೀಟರ್ ಕುಡಿದರೆ 3 ಮಿಲಿಗ್ರಾಂ. ಬಿಸಿಲಲ್ಲಿ ದುಡಿಯುವವನು ಐದು ಲೀಟರ್ ಕುಡಿದರೆ 7.5 ಮಿಲಿಗ್ರಾಂ. ಮಕ್ಕಳಿಗೆ 60 ನಿಮಿಷ ಆಟ ಬೇಕು, ನಿಜ. ಆಡಿ ಬಂದ ಮಗು ಕುಡಿಯುವ ನೀರೂ ಶುದ್ಧವಾಗಿರಬೇಕು. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಕೊರತೆಯಾದರೆ ಫ್ಲೋರೈಡಿನ ಹಾನಿ ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆಯ ಜಾಗವನ್ನು ಅನ್ನ ಆಕ್ರಮಿಸಿದ್ದು ಇಲ್ಲಿ ರುಚಿಯ ಪ್ರಶ್ನೆಯಷ್ಟೇ ಅಲ್ಲ.

ಹಾಗಾದರೆ ಸರಿಯಾದ ಸಂಶೋಧನೆ ಹೇಗಿರಬೇಕು? ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1934ರಿಂದ 1954ರ ನಡುವೆ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಪತ್ತೆಮಾಡಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುತೂಕ 2.5 ಕಿಲೋಗ್ರಾಂ ಅಥವಾ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು, 3.1 ಕಿಲೋಗ್ರಾಂ ಮೀರಿದವರಲ್ಲಿ ಶೇ. 3. ಐವತ್ತರ ಹೃದಯ ತಾಯಿಯ ಗರ್ಭದ ಲೆಕ್ಕವನ್ನು ನೆನಪಿಟ್ಟಿರುತ್ತದೆ ಎಂದಾಯಿತು. ವಯೋಗುಂಪುಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲ. ಒಬ್ಬನೇ ಮನುಷ್ಯ ಒಂದರಿಂದ ಇನ್ನೊಂದಕ್ಕೆ ತನ್ನ ದೇಹದ ಚರಿತ್ರೆಯನ್ನು ಹೊತ್ತು ಸಾಗುತ್ತಾನೆ.

1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಾಂ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳ ಕುರುಹು ಹಿಡಿದರು. ಹಿನ್ನೆಲೆಯ ಗದ್ದಲವನ್ನು ಮೊದಲು ಅರಿತದ್ದರಿಂದ ಅದು ಸಾಧ್ಯವಾಯಿತು. ಆರೋಗ್ಯ ಸಮೀಕ್ಷೆಗೂ ಅಷ್ಟೇ ಎಚ್ಚರ ಬೇಕು. ನಮೂನೆಯಲ್ಲಿ ವಯಸ್ಸಿನ ಪಕ್ಕ ಇನ್ನು ನಾಲ್ಕು ಕಲಂ ಸೇರಿಸಿದರೆ ಸಾಕು: ಯಾವ ಕೆಲಸ, ಎಷ್ಟು ವರ್ಷ, ಎಂಥ ಶಾಖ ಮತ್ತು ದೂಳಿನಲ್ಲಿ, ಕುಡಿಯುವ ನೀರು ಯಾವುದು. ಗಣಿ ಮುಚ್ಚಿದ ದಿನ ಮೂವತ್ತರಲ್ಲಿದ್ದ ಕಾರ್ಮಿಕ ಈಗ ಐವತ್ತು ದಾಟಿದ್ದಾನೆ. ದೂಳಿನ ಸಂಪರ್ಕ ತಪ್ಪಿದ ಮೇಲೂ ಸಿಲಿಕೋಸಿಸ್ ಮುಂದುವರಿಯಬಲ್ಲದು. ಅಂಥವರಿಗೆ 'ದಿನಾ ಬಿರುಸಾಗಿ ನಡೆಯಿರಿ' ಎನ್ನುವ ಮೊದಲು ಶ್ವಾಸಕೋಶದ ಪರೀಕ್ಷೆ ಮಾಡಬೇಕು. ಸೈನೈಡ್ ದಿಬ್ಬಗಳ ದೂಳು ಹಾರುವ ಗಾಳಿಕಾಲದಲ್ಲಿ ಎಲ್ಲಿ ನಡೆಯುತ್ತಾರೆಂದು ಕೇಳಬೇಕು. ಈ ತಲೆಮಾರು ಕಣ್ಮರೆಯಾದ ಮೇಲೆ ಇವನ್ನು ಕೇಳಲು ಯಾರೂ ಉಳಿದಿರುವುದಿಲ್ಲ.