ಬಾಗಿಲು ಅಡ್ಡಗಟ್ಟಿದವರು

‘ಪ್ರೇ ದ ಡೆವಿಲ್ ಬ್ಯಾಕ್ ಟು ಹೆಲ್’ (2008) ಸಾಕ್ಷ್ಯಚಿತ್ರ ಲೈಬೀರಿಯಾದ ಅಂತರ್ಯುದ್ಧದ ಕೊನೆಯ ತಿಂಗಳುಗಳನ್ನು ಅಲ್ಲಿನ ಹೆಂಗಸರ ಬಾಯಿಂದಲೇ ಕೇಳಿಸುತ್ತದೆ. ನಿರ್ದೇಶಕಿ ಜಿನಿ ರೆಟಿಕರ್, ನಿರ್ಮಾಪಕಿ ಅಬಿಗೈಲ್ ಡಿಸ್ನಿ. 2003ರಲ್ಲಿ ಮನ್ರೋವಿಯಾಕ್ಕೆ ಹೋದ ವಿದೇಶಿ ಕ್ಯಾಮೆರಾಗಳು ಬಂದೂಕು ಹಿಡಿದ ಹುಡುಗರನ್ನು ಬೇಕಾದಷ್ಟು ಸೆರೆಹಿಡಿದವು. ಮೀನು ಮಾರುಕಟ್ಟೆಯ ಬಯಲಲ್ಲಿ ಬಿಳಿ ಬಟ್ಟೆ ತೊಟ್ಟು, ಶಾಂತಿಗಾಗಿ ಮಳೆ ಬಿಸಿಲೆನ್ನದೆ ಕೂತ ಹೆಂಗಸರು ಅವಕ್ಕೆ ಸುದ್ದಿಯೇ ಆಗಿರಲಿಲ್ಲ. ಹಾಗಾಗಿ ಈ ಚಿತ್ರದ ತುಣುಕುಗಳನ್ನು ಹುಡುಕಿ ತೆಗೆಯಬೇಕಾಯಿತು. ಆ ಶ್ರಮವೊಂದೇ ಸಾಕು, ಚಿತ್ರ ನೋಡಲೇಬೇಕಾದದ್ದು ಎನ್ನಲು.

ಎಲ್ಲರ ನೆನಪಲ್ಲಿ ಉಳಿಯುವುದು ಅಕ್ರಾದ ದೃಶ್ಯ. ಘಾನಾದಲ್ಲಿ ಶಾಂತಿ ಮಾತುಕತೆಗೆ ಬಂದ ಪ್ರತಿನಿಧಿಗಳು ಒಳ್ಳೆಯ ಹೋಟೆಲಿನಲ್ಲಿದ್ದುಕೊಂಡು ಯಾರಿಗೆ ಯಾವ ಖಾತೆ ಎಂದು ಚೌಕಾಸಿ ನಡೆಸಿದ್ದಾರೆ. ಅತ್ತ ಮನ್ರೋವಿಯಾದಲ್ಲಿ ಶೆಲ್ ಬೀಳುತ್ತಿದೆ. ಜುಲೈ ತಿಂಗಳ ಒಂದು ದಿನ ಈ ಹೆಂಗಸರ ಮುಂದಾಳು ಲೇಮಾ ಬೋವಿ ಮತ್ತು ಸಂಗಡಿಗರು ಸಭಾಂಗಣದ ಬಾಗಿಲಿಗೆ ಅಡ್ಡ ಕೂರುತ್ತಾರೆ. ಬಂಧಿಸಲು ಬಂದವರ ಮುಂದೆ ಬೋವಿ ಬಟ್ಟೆ ಬಿಚ್ಚಲು ಮುಂದಾಗುತ್ತಾರೆ. ತಾಯಿಯ ವಯಸ್ಸಿನವಳ ಬೆತ್ತಲೆ ನೋಡುವುದು ಅಲ್ಲಿ ಶಾಪ. ಮರುವರ್ಷ ಇಂಫಾಲದ ಕಾಂಗ್ಲಾ ದ್ವಾರದೆದುರು ಮಣಿಪುರದ ತಾಯಂದಿರು ಇದೇ ಅಸ್ತ್ರವನ್ನು ನಿಜಕ್ಕೂ ಪ್ರಯೋಗಿಸಿದರು. ಅಕ್ರಾದಲ್ಲಿ ಬೆದರಿಕೆಯೇ ಕೆಲಸ ಮಾಡಿತು. ಮಧ್ಯಸ್ಥಿಕೆ ವಹಿಸಿದ್ದ ನೈಜೀರಿಯಾದ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಹೆಂಗಸರ ಮಾತಿಗೆ ಕಿವಿಗೊಟ್ಟರು. ಆಗಸ್ಟ್ 18ಕ್ಕೆ ಒಪ್ಪಂದವಾಯಿತು.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಹೆಂಗಸರು ಕೂತರು, ಅಧ್ಯಕ್ಷ ಚಾರ್ಲ್ಸ್ ಟೇಲರ್ ಹೋದ: ಚಿತ್ರದ ಓಟ ಬಹುತೇಕ ಹೀಗೆ. ಟೇಲರ್ ಮೇಲೆ ಜೂನ್‌ನಲ್ಲಿ ಬಹಿರಂಗವಾದ ಯುದ್ಧಾಪರಾಧದ ದೋಷಾರೋಪ, ರಾಜಧಾನಿಗೆ ಬಂಡುಕೋರರು ಹಾಕಿದ ಮುತ್ತಿಗೆ, ಅಮೆರಿಕದ ಒತ್ತಡ, ನೈಜೀರಿಯಾದ ಸೈನಿಕರು, ಇವೆಲ್ಲ ಅಂಚಿಗೆ ಸರಿಯುತ್ತವೆ. ಇವನ್ನೂ ತೂಗಿ ತೋರಿಸಿದ್ದರೆ ಹೆಂಗಸರ ಪಾಲು ಕಿರಿದಾಗುತ್ತಿರಲಿಲ್ಲ. ಅವರ ರಾಜಕೀಯ ಜಾಣ್ಮೆ, ಯಾವ ಗಳಿಗೆಯಲ್ಲಿ ಎಲ್ಲಿ ಒತ್ತಬೇಕೆಂಬ ಲೆಕ್ಕಾಚಾರ, ಇನ್ನಷ್ಟು ಎದ್ದು ಕಾಣುತ್ತಿತ್ತು. ಯುದ್ಧ ನಿಲ್ಲುವವರೆಗೆ ಗಂಡಂದಿರ ಜೊತೆ ಮಲಗುವುದಿಲ್ಲವೆಂದು ಹೆಂಗಸರು ಹೂಡಿದ, ಪತ್ರಿಕೆಗಳು ಮುಗಿಬಿದ್ದ ‘ಲೈಂಗಿಕ ಮುಷ್ಕರ’ದಿಂದ ಪ್ರಚಾರ ಸಿಕ್ಕಿತೇ ಹೊರತು ಪರಿಣಾಮ ಅಷ್ಟಕ್ಕಷ್ಟೇ ಎಂದು ಬೋವಿಯವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿದ್ದಾರೆ. ಚಿತ್ರಕ್ಕಿಂತ ಅದರ ನಾಯಕಿಯೇ ನಿಷ್ಠುರ!

ಇನ್ನೊಂದು ಕೊರತೆ ದೊಡ್ಡದು. ಆ ಯುದ್ಧದಲ್ಲಿ ಬಂದೂಕು ಹಿಡಿದ ಹೆಂಗಸರೂ ಇದ್ದರು. ‘ಲರ್ಡ್’ ಬಂಡುಕೋರ ಪಡೆಯ ಮಹಿಳಾ ತುಕಡಿಗೆ ಬ್ಲ್ಯಾಕ್ ಡೈಮಂಡ್ ಎಂಬ ಅಡ್ಡಹೆಸರಿನ ಯುವತಿಯೇ ನಾಯಕಿ. ಇಂಥವರಲ್ಲಿ ಅತ್ಯಾಚಾರಕ್ಕೆ ಸಿಕ್ಕಿ, ಆಮೇಲೆ ಆಯುಧ ಎತ್ತಿಕೊಂಡವರಿದ್ದರು. ಅವರನ್ನು ಒಳಗೆ ಬಿಟ್ಟುಕೊಂಡರೆ ‘ತಾಯಂದಿರ ಶಾಂತಿ’ ಎಂಬ ಕಥನ ತೊಡಕಾಗುತ್ತದೆ. ಆ ತೊಡಕು ಬೇಕಿತ್ತು.

ನನಗೆ ಅತಿ ಹೆಚ್ಚು ಹಿಡಿಸಿದ್ದು ಒಪ್ಪಂದದ ನಂತರದ ಭಾಗ. ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಶಿಬಿರ ಎಡವಟ್ಟಾದಾಗ, ರೊಚ್ಚಿಗೆದ್ದ ಹುಡುಗರ ನಡುವೆ ಹೋಗಿ ಸಮಾಧಾನ ಹೇಳಿದ್ದು ಇದೇ ಹೆಂಗಸರು. ಅವರ ಸಲಹೆ ಮೊದಲೇ ಬಂದಿತ್ತು, ಅಧಿಕಾರಿಗಳು ಕೇಳಿರಲಿಲ್ಲ. ಇಲ್ಲಿ ಪವಾಡವಿಲ್ಲ, ಬರೀ ಕೆಲಸ.

ಚಿತ್ರ ಮುಗಿಯುವುದು ಎಲೆನ್ ಜಾನ್ಸನ್ ಸರ್ಲೀಫ್ ಅಧ್ಯಕ್ಷೆಯಾದ ಸಂಭ್ರಮದಲ್ಲಿ. 2011ರಲ್ಲಿ ಆಕೆ, ಬೋವಿ ಇಬ್ಬರಿಗೂ ಯೆಮನ್‌ನ ತವಕ್ಕುಲ್ ಕರ್ಮಾನ್ ಜೊತೆ ನೊಬೆಲ್ ಬಂತು. ಆದರೆ ಅದಕ್ಕೂ ಮೊದಲೇ, 2009ರಲ್ಲಿ, ಟೇಲರ್‌ಗೆ ಆರಂಭದಲ್ಲಿ ಬೆಂಬಲ ಕೊಟ್ಟದ್ದಕ್ಕಾಗಿ ಸರ್ಲೀಫ್ 30 ವರ್ಷ ಅಧಿಕಾರದಿಂದ ದೂರವಿರಬೇಕೆಂದು ಲೈಬೀರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗ ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ. ಯುದ್ಧಾಪರಾಧ ನ್ಯಾಯಾಲಯದ ಸಿದ್ಧತೆಗೆ ಕಚೇರಿ ತೆರೆಯುವ ಅಧ್ಯಕ್ಷರ ಆದೇಶ ಹೊರಬಿದ್ದದ್ದೇ 2024ರಲ್ಲಿ.