ಮಂಡಿಪೇಟೆಯ ಮಿಂಕು, ಮೇಡ್ಲೇರಿಯ ಕಂಬಳಿ

ಕಾರ್ತಿಕ ಕಳೆಯುವ ಹೊತ್ತಿಗೆ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆಯ ಅಂಗಡಿಗಳ ಮುಂದೆ ರಗ್ಗಿನ ರಾಶಿ ಬೀಳುತ್ತದೆ. ಜಿಪ್ ಹಾಕಿದ ದಪ್ಪ ಪ್ಲಾಸ್ಟಿಕ್ ಚೀಲ, ಅದರೊಳಗೆ ಗುಲಾಬಿಯನ್ನೋ ಹುಲಿಯ ಮುಖವನ್ನೋ ಅಚ್ಚು ಹಾಕಿದ ಮಿಂಕ್ ರಗ್ಗು. ಕೈಯಿಟ್ಟರೆ ಬೆರಳು ಮುಳುಗುವಷ್ಟು ಮೆತ್ತಗೆ. ಮದುವೆ, ಗೃಹಪ್ರವೇಶದ ಉಡುಗೊರೆಗೂ ಈಗ ಅದೇ. ದೇಶದಲ್ಲಿ ಇಂಥ ರಗ್ಗುಗಳ ದೊಡ್ಡ ತವರು ಹರಿಯಾಣದ ಪಾಣಿಪತ್. ನೂಲು ಬಹುಪಾಲು ಪಾಲಿಯೆಸ್ಟರ್. ರಗ್ಗು ಒಂದೇ ಅಲ್ಲ, ನಮ್ಮ ಹಾಸಿಗೆ ಪೂರ್ತಿ ಹೀಗೇ ಆಗಿದೆ. ಹತ್ತಿಯ ಗಾದಿ ಹೋಗಿ ಫೋಮ್ ಬಂತು, ಬೂರುಗದ ಅರಳೆಯ ದಿಂಬು ಹೋಗಿ ಫೈಬರ್ ದಿಂಬು ಬಂತು, ಮೇಲಿನ ಬೆಡ್‌ಶೀಟ್ ಕೂಡ ನುಣುಪಾದ ಮೈಕ್ರೋಫೈಬರ್. ತಲೆಯಿಂದ ಕಾಲಿನವರೆಗೆ ಪೆಟ್ರೋಲಿಯಂನಿಂದ ಹುಟ್ಟಿದ ಎಳೆಗಳ ನಡುವೆ ಮಲಗುತ್ತೇವೆ.

ಇದನ್ನು ಬಿಟ್ಟು ಉಣ್ಣೆಗೆ ಮರಳಬೇಕು ಎನ್ನುವವರು ಈಗೀಗ ಹೆಚ್ಚುತ್ತಿದ್ದಾರೆ. ಆ ಮಾತು ಎಷ್ಟು ಸರಿ, ನಮ್ಮ ಊರಿನ ಹವೆಗೆ ಎಷ್ಟು ಹೊಂದುತ್ತದೆ, ಯಾವ ಉಣ್ಣೆಗೆ ಹೊಂದುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಉಣ್ಣೆ ಎಂದ ಕೂಡಲೇ ಆನ್‌ಲೈನಿನಲ್ಲಿ ಸಿಗುವ ಆಸ್ಟ್ರೇಲಿಯಾದ ಮೆರಿನೋ ಹೊದಿಕೆಯನ್ನು ನೆನೆಯುವವರಿದ್ದಾರೆ. ದಾವಣಗೆರೆಯಲ್ಲಿ ಕೂತು ಹಾಗೆ ಯೋಚಿಸುವುದು ಈ ಸೀಮೆಗೆ ಮಾಡುವ ಅನ್ಯಾಯ. ಹೈದರಾಲಿಯ ಕಾಲದಲ್ಲಿ ಆಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಬಂದ ಈ ಊರು, ಅವನು ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ ಮೇಲೆ ಪೇಟೆಯಾಯಿತು. ಹತ್ತಿ ಗಿರಣಿಗಳು ಬಂದು ಮ್ಯಾಂಚೆಸ್ಟರ್ ಎನಿಸಿಕೊಂಡದ್ದು ಬಹಳ ಆಮೇಲೆ. ಅದಕ್ಕೂ ಮೊದಲು ಈ ಪೇಟೆಯ ಹೆಸರು ಹೊತ್ತದ್ದು ಕಂಬಳಿ. ಹಳೆಯ ಮೈಸೂರು ಗೆಜೆಟಿಯರ್‌ಗಳು ದಾವಣಗೆರೆ ಸುತ್ತಿನ ಬೆಲೆಬಾಳುವ ತಯಾರಿಕೆ ಎಂದು ಹೆಸರಿಸುವುದು ಕಂಬಳಿಯನ್ನೇ. ನವುರಾಗಿ ನೆಯ್ದ ಕೆಲವು ಕಂಬಳಿಗಳಿಗೆ ಆಗಿನ ಕಾಲದ 200, 300 ರೂಪಾಯಿ ಬೆಲೆ ಇತ್ತೆಂದು ಬರೆಯುತ್ತವೆ. ಈಗಲೂ ಪೂರ್ವಕ್ಕೆ ಹೋದರೆ ಚಳ್ಳಕೆರೆ, ಹರಿಹರದಲ್ಲಿ ಹೊಳೆ ದಾಟಿ ರಾಣೆಬೆನ್ನೂರು ತಾಲ್ಲೂಕಿಗೆ ಹೋದರೆ ಮೇಡ್ಲೇರಿ, ಎರಡೂ ಕಂಬಳಿಗೆ ಹೆಸರಾದ ಊರುಗಳೇ.

ಹಾಗಾಗಿ ನಾನು ತೂಗಿ ನೋಡುವುದು ಈ ಕಂಬಳಿಯನ್ನು. ಅದನ್ನು ಪರಂಪರೆ, ಸಂಸ್ಕೃತಿ ಎಂದು ಕೈಮುಗಿದು ಗೋಡೆಗೆ ತೂಗುಹಾಕುವುದರಲ್ಲಿ ನನಗೆ ಆಸಕ್ತಿ ಇಲ್ಲ. ಮೈಲಾರಲಿಂಗನ ಗೊರವಯ್ಯನ ಹೆಗಲ ಮೇಲೆ ಅದಕ್ಕೆ ತನ್ನದೇ ಗೌರವವಿದೆ, ಅದು ಇರಲಿ. ಮನೆಯ ಹಾಸಿಗೆಯ ಮೇಲೆ ಅದು ಒಂದು ಬಟ್ಟೆ. ಬಟ್ಟೆಯಾಗಿ ಗೆಲ್ಲಬೇಕು.

ಮೊದಲು ಎಳೆ. ಕಂಬಳಿಗೆ ಬಳಸುವುದು ಈ ಸೀಮೆಯ ದಖನಿ ಕುರಿಯ ತುಪ್ಪಟ, ಅದು ಒರಟು. ಎಳೆಯ ದಪ್ಪ 30 ಮೈಕ್ರಾನ್ ದಾಟಿತೆಂದರೆ ಅದರ ತುದಿ ಬಾಗುವುದಿಲ್ಲ, ಚರ್ಮಕ್ಕೆ ನಾಟುತ್ತದೆ. ನಾವು ತುರಿಕೆ, ಚುಚ್ಚು ಎನ್ನುವುದು ಅದನ್ನೇ. ಮೆರಿನೋ ಎಳೆ 25 ಮೈಕ್ರಾನಿಗಿಂತ ಕೆಳಗಿರುವುದರಿಂದ ಬರಿಮೈಗೆ ಒಪ್ಪುತ್ತದೆ, ನಮ್ಮ ಕುರಿಯದು ಒಪ್ಪುವುದಿಲ್ಲ. "ನನಗೆ ಉಣ್ಣೆ ಅಲರ್ಜಿ" ಎನ್ನುವವರಲ್ಲಿ ಬಹುಪಾಲು ಮಂದಿಗೆ ಇರುವುದು ಈ ಚುಚ್ಚಿನ ಕಾಟ, ಅಲರ್ಜಿ ಅಲ್ಲ. ಮರಿಯ ಮೊದಲ ಕತ್ತರಿಕೆಯ ತುಪ್ಪಟ ಮಾತ್ರ ನವುರು. ಹಳೆಯ ಕಾಲದ ದುಬಾರಿ ಕಂಬಳಿಗಳ ಗುಟ್ಟು ಅದರಲ್ಲಿತ್ತು. ಈಗ ಅದನ್ನು ಬೇರೆ ತೆಗೆದಿಟ್ಟು ನೂಲುವ ತಾಳ್ಮೆಗೆ ತಕ್ಕ ಬೆಲೆ ಕೊಡುವವರಿಲ್ಲ.

ಎರಡನೆಯದು ಗಂಜಿ. ಹೆಂಗಸರು ರಾಟೆಯಲ್ಲಿ ನೂತ ಎಳೆಯನ್ನು ಹಾಸಾಗಿ ಹೂಡಿ, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಕುದಿಸಿದ ಗಂಜಿಯನ್ನು ಅದಕ್ಕೆ ಬಳಿದು ಒಣಗಿಸುತ್ತಾರೆ. ಆಮೇಲೆ ಕುಣಿಮಗ್ಗ. ಮಳೆಯಲ್ಲಿ ಕುರಿಗಾಹಿ ಕೊಪ್ಪೆ ಹಾಕಿ ನಿಂತರೆ ನೀರು ಬೇಗ ಒಳಗಿಳಿಯದೆ ಜಾರುವುದರಲ್ಲಿ ಈ ಗಂಜಿಯ ಪಾಲಿದೆ. ಹೊಲದಲ್ಲಿ ಅದು ಗುಣ, ಮಂಚದ ಮೇಲೆ ದೋಷ. ಹೊಸ ಕಂಬಳಿ ಬಿದಿರು ಚಾಪೆಯ ಹಾಗೆ ಸೆಟೆದುಕೊಂಡಿರುತ್ತದೆ. ಮಡಿಸಿದರೆ ಮಡಿಕೆ ನಿಲ್ಲುತ್ತದೆ, ಕೂದಲು ಉದುರುತ್ತದೆ, ತೇವ ತಾಗಿದರೆ ಕುರಿಹಟ್ಟಿಯ ವಾಸನೆ ಎದ್ದು ಕೋಣೆ ತುಂಬುತ್ತದೆ. ಪೇಟೆಯಲ್ಲಿ ಬೆಳೆದವರು ಕಂಬಳಿ ತಂದ ವಾರದಲ್ಲೇ ಅಟ್ಟಕ್ಕೆ ಎಸೆಯುವುದು ಇದಕ್ಕೇ. ಬಳಸುವ ಮೊದಲು ತಣ್ಣೀರಿನಲ್ಲಿ ನೆನೆಸಿ, ಅಂಟುವಾಳದ ನೊರೆಯಲ್ಲಿ ಕಾಲಿನಿಂದ ಹದವಾಗಿ ತುಳಿದು, ಹಿಂಡದೆ ಮರಳಿ ಮರಳಿ ನೀರು ಬದಲಿಸಿ, ಬಿಸಿಲಿಗೆ ಹರಡಬೇಕು. ಗಂಜಿ ಬಿಟ್ಟಷ್ಟೂ ಬಟ್ಟೆ ಬಾಗುತ್ತದೆ, ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಕೂದಲು ಉದುರುವುದು ಇಳಿಯುತ್ತದೆ. ಬಿಸಿನೀರು, ವಾಷಿಂಗ್ ಮಷಿನ್ ಎರಡೂ ಬೇಡ. ಉಣ್ಣೆ ಕುಗ್ಗಿ ದಪ್ಪ ಹಲಗೆಯಾಗುತ್ತದೆ. ಈ ತಯಾರಿಯನ್ನು ಮಾರುವವರೇ ಮಾಡಿ ಕೊಡಬೇಕು ಎಂಬುದು ನನ್ನ ಮೊದಲ ತಕರಾರು. ಹೊಲದ ಸರಕನ್ನು ಮನೆಯ ಸರಕೆಂದು ಕೊಟ್ಟರೆ ಕೊಂಡವನನ್ನು ದೂರಿ ಫಲವಿಲ್ಲ.

ಇಷ್ಟು ಮಾಡಿದ ಮೇಲೆ ಕಂಬಳಿಯನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ. ಹೊದೆಯುವುದಕ್ಕಿಂತ ಹಾಸುವುದಕ್ಕೇ ಅದು ಹೆಚ್ಚು ಒಪ್ಪುತ್ತದೆ ಎನ್ನುವುದು ನನ್ನ ದೃಢ ಅಭಿಪ್ರಾಯ. ಗಾದಿಯ ಮೇಲೆ ಕಂಬಳಿ, ಅದರ ಮೇಲೆ ಹತ್ತಿಯ ದುಪ್ಪಟಿ ಅಥವಾ ಮೆತ್ತಗಾದ ಹಳೆಯ ಸೀರೆ. ಕಾರಣ ಎಳೆಯ ಒಳಗಿದೆ. ಗಾಳಿಯಲ್ಲಿ ತೇವಾಂಶ 65 ಶೇಕಡ ಇದ್ದಾಗ ಉಣ್ಣೆ ತನ್ನ ತೂಕದ ಸುಮಾರು 16 ಶೇಕಡ ನೀರನ್ನು ಒಳಗಿಟ್ಟುಕೊಳ್ಳುತ್ತದೆ. ಹತ್ತಿ ಸುಮಾರು 8 ಶೇಕಡ. ಪಾಲಿಯೆಸ್ಟರ್ ಅರ್ಧ ಶೇಕಡವೂ ಇಲ್ಲ. ತೂಕದ 30 ಶೇಕಡದಷ್ಟು ನೀರು ಕುಡಿದರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಫೋಮ್ ಗಾದಿಯ ಮೇಲೆ ಮಲಗಿದವರ ಬೆನ್ನು ಬೆಳಗಿನ ಜಾವ ಅಂಟುವುದು ಬೆವರು ಹೋಗಲು ದಾರಿಯಿಲ್ಲದೆ. ನಡುವೆ ಒಂದು ಕಂಬಳಿ ಬಿದ್ದರೆ ಆ ಅಂಟು ಗಮನಾರ್ಹವಾಗಿ ತಗ್ಗುತ್ತದೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಮುಟ್ಟುವ ಊರಿನಲ್ಲಿ ಉಣ್ಣೆಯೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ಬಿಸಿಲಲ್ಲೇ ಬದುಕುವ ಕುರಿಗಾಹಿ ವರ್ಷದ ಹನ್ನೆರಡು ತಿಂಗಳೂ ಕಂಬಳಿ ಬಿಡುವುದಿಲ್ಲ. ಹಾಗೆಂದು ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಯಾವ ಹೊದಿಕೆಯೂ ಬೇಡ, ತೆಳು ಹತ್ತಿ ಸಾಕು. ಆಗ ಕಂಬಳಿ ಹೊದೆಯಿರಿ ಎಂದು ಯಾರಿಗೂ ಹೇಳಲಾರೆ.

ಚಳಿಗಾಲದ ಹೊದಿಕೆಯಾಗಿ? ಇಲ್ಲಿ ಸ್ವಲ್ಪ ಹಿಂಜರಿಕೆಯಿಂದಲೇ ಹೌದು ಎನ್ನುತ್ತೇನೆ. ಉಣ್ಣೆ ಹೊದ್ದವರಿಗೆ ಬೇಗ ನಿದ್ದೆ ಬರುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಅವುಗಳ ಹಿಂದಿರುವ ಅಧ್ಯಯನಗಳಲ್ಲಿ ಒಂದು ಸಿಡ್ನಿ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಮಲಗಿದ್ದವರು 17 ಮಂದಿ ಆರೋಗ್ಯವಂತ ಯುವಜನ. ಕೋಣೆಯ ಬಿಸಿ 17 ಡಿಗ್ರಿ ಮತ್ತು 22 ಡಿಗ್ರಿ. ಬೇಗ ನಿದ್ದೆ ಹತ್ತಿದ ಲಾಭ ಕಂಡದ್ದು ಮುಖ್ಯವಾಗಿ ಮೈಮೇಲೆ ತೊಟ್ಟ ಉಣ್ಣೆಯ ರಾತ್ರಿಯುಡುಪಿನಿಂದ. ಇಷ್ಟನ್ನು ಹಿಡಿದು ದಾವಣಗೆರೆಯ ಮಂಚಕ್ಕೆ ತೀರ್ಪು ಕೊಡಲಾಗದು. ನಾನು ನಂಬುವುದು ಬೇರೆಯದನ್ನು. ಮಿಂಕ್ ರಗ್ಗಿನೊಳಗೆ ಮೊದಲು ಸೆಕೆ, ರಗ್ಗು ಒದ್ದರೆ ಚಳಿ, ರಾತ್ರಿಯಿಡೀ ಈ ಎಳೆದಾಟ. ದುಪ್ಪಟಿಯ ಮೇಲೆ ಹೊದ್ದ ಕಂಬಳಿಯಲ್ಲಿ ಈ ಏರಿಳಿತ ಕಡಿಮೆ, ಏಕೆಂದರೆ ಬೆವರಿನ ಹಬೆ ಒಳಗೇ ಸಿಕ್ಕಿಬೀಳುವುದಿಲ್ಲ. ಆದರೆ ಭಾರ ಇದೆ. ವಯಸ್ಸಾದವರು, ಉಬ್ಬಸ ಇರುವವರು ಆ ಭಾರವನ್ನು ಎದೆಯ ಮೇಲೆ ಸಹಿಸುವುದಿಲ್ಲ. ಹಾಸಿಗೆ ಒದ್ದೆ ಮಾಡುವ ಮಗುವಿರುವ ಮನೆಯಲ್ಲಿ, ಹುಡುಗರ ಹಾಸ್ಟೆಲಿನಲ್ಲಿ, ವಾರಕ್ಕೊಮ್ಮೆ ಒಗೆದು ಸಂಜೆಗೆ ಒಣಗಿಸಬೇಕಾದ ಕಡೆ ಪಾಲಿಯೆಸ್ಟರ್ ರಗ್ಗು ನಿಜವಾಗಿಯೂ ಉಪಕಾರಿ. ಬೆಲೆಯಲ್ಲೂ ಅದು ಬಡವನ ಕೈಗೆ ಎಟುಕುತ್ತದೆ. ಇದನ್ನು ಒಪ್ಪದೆ ಉಣ್ಣೆಯ ಪರ ಮಾತಾಡುವವರ ಮಾತಿಗೆ ತೂಕ ಬರುವುದಿಲ್ಲ.

ಬೆಂಕಿಯ ವಿಷಯದಲ್ಲಿ ಮಾತ್ರ ನನಗೆ ಯಾವ ಹಿಂಜರಿಕೆಯೂ ಇಲ್ಲ. ರಗ್ಗಿನ ಅಂಚಿನಿಂದ ಒಂದು ಎಳೆ, ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಿ. ಪಾಲಿಯೆಸ್ಟರ್ ಎಳೆ ಜ್ವಾಲೆ ತಾಗುವ ಮೊದಲೇ ಮುದುಡಿ ಹಿಂದೆ ಸರಿಯುತ್ತದೆ, ಕರಗುತ್ತದೆ, ಹನಿಯಾಗುತ್ತದೆ. ಆರಿದ ಮೇಲೆ ಕರಿಮಣಿಯಂಥ ಗಟ್ಟಿ ಗುಂಡು ಉಳಿಯುತ್ತದೆ, ಉಗುರಿಗೆ ಒಡೆಯುವುದಿಲ್ಲ. ಉಣ್ಣೆಯ ಎಳೆ ಚಿರ್ ಎಂದು ಸುರುಳಿಯಾಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ದೀಪದಿಂದ ಹೊರಗೆ ತೆಗೆದರೆ ತಾನೇ ನಂದುತ್ತದೆ; ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಉಣ್ಣೆಗೆ ಬೆಂಕಿ ಹತ್ತಲು 570 ಡಿಗ್ರಿಯಾದರೂ ಬೇಕು. ಮಂಚದ ಕೆಳಗೆ ಸೊಳ್ಳೆಬತ್ತಿ ಹಚ್ಚಿಟ್ಟು ಮಲಗುವ ಊರಿನವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇದೇ ದೀಪದ ಪರೀಕ್ಷೆ ಅಂಗಡಿಯಲ್ಲೂ ಬೇಕು. ಸನ್ಮಾನದ ವೇದಿಕೆಗಳಲ್ಲಿ ಗಣ್ಯರ ಹೆಗಲಿಗೇರುವ ಕಂಬಳಿಗಳಲ್ಲಿ ಎಷ್ಟೋ ಹೊರಗಿನಿಂದ ಬಂದ ಅಕ್ರಿಲಿಕ್ ಬೆರಕೆ. ಕಪ್ಪು ಬಣ್ಣ, ಬಿಳಿ ಅಂಚು ಇದ್ದರೆ ಸಾಕು ಎನ್ನುವಂತಾಗಿದೆ. ಕುರುಬರ ಮಗ್ಗಕ್ಕೆ ಗೌರವ ಸಲ್ಲಿಸುವ ಹೆಸರಿನಲ್ಲಿ ಆ ಮಗ್ಗಕ್ಕೆ ಒಂದು ರೂಪಾಯಿಯೂ ತಲುಪದ ಸರಕು ಕೊಳ್ಳುವುದು ನೋವಿನ ಸಂಗತಿ.

ಈಗ ಹರಿಹರದ ಮಾತಿಗೆ ಬರಬೇಕು, ಏಕೆಂದರೆ ಕಂಬಳಿಯ ಕತೆ ಮಗ್ಗದಲ್ಲಿ ಮುಗಿಯುವುದಿಲ್ಲ, ಕುರಿ ಮೇಯುವ ನೆಲದವರೆಗೂ ಹೋಗುತ್ತದೆ. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಬಂದ ಹರಿಹರ ಪಾಲಿಫೈಬರ್ಸ್ ನೀಲಗಿರಿ ಮರವನ್ನು ಅರೆದು ತಿರುಳು ಮಾಡುವ ಕಾರ್ಖಾನೆ. ಆ ತಿರುಳಿನಿಂದ ಹುಟ್ಟುವುದು ವಿಸ್ಕೋಸ್ ಎಳೆ. ಇದು ಪಾಲಿಯೆಸ್ಟರ್ ಅಲ್ಲ. ತೇವ ಹೀರುವುದರಲ್ಲಿ ಹತ್ತಿಗಿಂತಲೂ ಮುಂದೆ, ಸುಟ್ಟರೆ ಕಾಗದದಂತೆ ಉರಿಯುತ್ತದೆ. ಹಾಸಿಗೆಯ ಬಟ್ಟೆಯಾಗಿ ಅದರ ಮೇಲೆ ನನಗೆ ದೂರಿಲ್ಲ. ದೂರಿರುವುದು ಅದಕ್ಕೆ ಬೇಕಾದ ನೆಲದ ಬಗ್ಗೆ. 1984ರಲ್ಲಿ ಸರ್ಕಾರವೂ ಈ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ನೆಲವನ್ನು ಅದಕ್ಕೆ ಕೊಡುವ ಯೋಜನೆಯಾಯಿತು. ಸರ್ಕಾರದ ಕಡತದಲ್ಲಿ ಅದು ಪಾಳು. ಊರಿನವರಿಗೆ ಅದು ದನ ಕುರಿ ಮೇಯುವ, ಸೌದೆ ಆಯುವ ಜಾಗ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಇದನ್ನು ಎತ್ತಿಕೊಂಡು ಹೋರಾಡಿತು, ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಅರ್ಜಿಗೆ ಕೈಜೋಡಿಸಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. ಕೊನೆಗೆ ಆ ಕಂಪನಿ ಮುಚ್ಚಿತು.

ನೀಲಗಿರಿಯ ಸೊಪ್ಪನ್ನು ಕುರಿ ಮುಟ್ಟುವುದಿಲ್ಲ, ಅದರ ಕೆಳಗೆ ಹುಲ್ಲು ಚೆನ್ನಾಗಿ ಏಳುವುದಿಲ್ಲ. ಎಳೆಗಾಗಿ ಮೇವಿನ ನೆಲವನ್ನು ಕಳೆದುಕೊಂಡ ಕಡೆ ಇನ್ನೊಂದು ಎಳೆ ತಾನಾಗಿ ಸೊರಗುತ್ತದೆ. ಗೋಮಾಳಗಳು ಒಂದೊಂದಾಗಿ ಸೈಟು, ಕಲ್ಲುಕ್ವಾರಿಗಳಾದದ್ದೂ ಸೇರಿ ಜಗಳೂರು, ಹರಪನಹಳ್ಳಿ ಕಡೆಯ ಕುರಿಗಾಹಿಗಳ ಲೆಕ್ಕಾಚಾರವೇ ಬದಲಾಗಿದೆ. ಕುರಿ ಈಗ ಮಾಂಸಕ್ಕೆ ಮತ್ತು ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಸಿಗುವ ಗೊಬ್ಬರದ ಕಾಸಿಗೆ. ಬೇಗ ಬೆಳೆಯುವ, ಮೈಮೇಲೆ ತುಪ್ಪಟವೇ ಇಲ್ಲದ ತಳಿಗಳು ದಖನಿಯ ಜಾಗಕ್ಕೆ ಬಂದಿವೆ. ತುಪ್ಪಟ ಇರುವ ಕುರಿಯನ್ನು ವರ್ಷಕ್ಕೆರಡು ಸಲ ಕತ್ತರಿಸಲೇಬೇಕು. ಕತ್ತರಿಸುವವನಿಗೆ ಕೊಡುವ ಕೂಲಿಯೂ ತುಪ್ಪಟ ಮಾರಿದರೆ ಹುಟ್ಟುವುದಿಲ್ಲವಾದ್ದರಿಂದ ಎಷ್ಟೋ ಕಡೆ ಅದನ್ನು ಹೊಲದಲ್ಲೇ ಬಿಟ್ಟು ಬರುತ್ತಾರೆ. ಇತ್ತ ದಾವಣಗೆರೆಯಲ್ಲಿ ನಾವು ದಿಂಬಿಗೆ ಪ್ಲಾಸ್ಟಿಕ್ ನಾರು ತುಂಬಿಸುತ್ತಿದ್ದೇವೆ.

ನನಗೆ ಕಾಣುವ ದೊಡ್ಡ ಕೊರತೆ ಇಲ್ಲಿದೆ. ಬರಿಮೈಗೆ ಚುಚ್ಚುವ ಒರಟುತನವೇ ತುಂಬುವ ಸರಕಿಗೆ ಬಲ. ದಪ್ಪ ಎಳೆ ಅದುಮಿದರೆ ಮರಳಿ ಏಳುತ್ತದೆ, ಹತ್ತಿಯಷ್ಟು ಬೇಗ ಗಂಟು ಕಟ್ಟುವುದಿಲ್ಲ. ದಖನಿ ತುಪ್ಪಟವನ್ನು ಚೆನ್ನಾಗಿ ತೊಳೆದು, ಮುಳ್ಳು ಮಣ್ಣು ಆಯ್ದು, ಹಿಂಜಿ, ದಟ್ಟ ನೇಯ್ಗೆಯ ಹತ್ತಿ ಚೀಲಕ್ಕೆ ತುಂಬಿದರೆ ತೆಳು ಗಾದಿಗೂ ದಿಂಬಿಗೂ ಅದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿ ಹುಟ್ಟುವುದಿಲ್ಲ. ಹಿಂಜುವ ಕೈ ಈ ಊರಲ್ಲಿ ಇನ್ನೂ ಇದೆ. ಗಾದಿ ಹೊಲಿಯುವ ಪಿಂಜಾರರ ಅಂಗಡಿಗಳು ಪೂರ್ತಿ ಮುಚ್ಚಿಲ್ಲ. ಕುರಿ ಮತ್ತು ಉಣ್ಣೆ ಅಭಿವೃದ್ಧಿಗೆಂದೇ ಒಂದು ನಿಗಮ ರಾಜ್ಯದಲ್ಲಿದೆ. ಹೊಲದಲ್ಲಿ ಬಿಟ್ಟ ತುಪ್ಪಟವನ್ನೂ ಗಾದಿಯ ಅಂಗಡಿಯನ್ನೂ ಸೇರಿಸುವ ಕೆಲಸಕ್ಕೆ ಹೊಸ ಯಂತ್ರಕ್ಕಿಂತ ಮೊದಲು ಒಂದು ತೊಳೆಯುವ ತೊಟ್ಟಿ ಬೇಕು.

ನುಸಿಯ ಭಯ ನಿಜವಾದದ್ದು. ನುಸಿಯ ಮರಿ ಉಣ್ಣೆಯನ್ನೇ ತಿಂದು ಬೆಳೆಯುತ್ತದೆ, ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಯಾರೂ ಮುಟ್ಟದ ಮಡಿಕೆ. ದಿನ ಬಳಸುವ ಕಂಬಳಿಗೆ ಅದು ಬೀಳುವುದು ಅಪರೂಪ, ಟ್ರಂಕಿನ ತಳದಲ್ಲಿಟ್ಟದ್ದಕ್ಕೆ ಖಂಡಿತ. ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಿದರೆ, ಮಳೆಗಾಲಕ್ಕೆ ಎತ್ತಿಡುವಾಗ ಒಣಗಿದ ಬೇವಿನ ಸೊಪ್ಪು ಮಡಿಕೆಯಲ್ಲಿಟ್ಟರೆ ಕಂಬಳಿ ಹತ್ತಾರು ವರ್ಷ ಬಾಳುತ್ತದೆ. ರಗ್ಗಿನ ಜುಂಗು ಕೆಲವೇ ಚಳಿಗಾಲಗಳಲ್ಲಿ ಗಂಟುಗಂಟಾಗಿ, ಒಗೆದ ಸಲವೆಲ್ಲ ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ಚರಂಡಿಗೆ ಬಿಡುತ್ತದೆ. ಮೊದಲು ಕೊಡುವ ದುಡ್ಡು ಹೆಚ್ಚಾದರೂ ಲೆಕ್ಕ ಕಂಬಳಿಯ ಕಡೆಗೇ ಬೀಳುತ್ತದೆ.

ನೇಯುವವರಿಗೂ ಕೇಳುವುದಿದೆ. ಕಂಬಳಿಯ ಅಗಲ ಇನ್ನೂ ಒಬ್ಬ ಕುರಿಗಾಹಿಯ ಮೈಯ ಅಳತೆಯಲ್ಲೇ ನಿಂತಿದೆ. ಆರಡಿ ಮಂಚಕ್ಕೆ ಎರಡು ಪಟ್ಟಿ ಜೋಡಿಸಿ ಹೊಲಿದು ಕೊಟ್ಟರೆ ಕೊಳ್ಳುವವರಿದ್ದಾರೆ. ಗಂಜಿ ತೆಗೆದದ್ದು, ಗಂಜಿ ಇರುವುದು ಎಂದು ಬೇರೆ ಬೇರೆ ಇಡಬೇಕು. ಮರಿ ತುಪ್ಪಟದ ಕಂಬಳಿಯನ್ನು ಮತ್ತೆ ನೇಯ್ದು ಅದಕ್ಕೆ ತಕ್ಕ ಬೆಲೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಬೆರಕೆ ಇದ್ದರೆ ಎಷ್ಟು ಬೆರಕೆ ಎಂದು ಚೀಟಿ ಅಂಟಿಸಬೇಕು. ಮಂಡಿಪೇಟೆಯ ವರ್ತಕರು ಪಾಣಿಪತ್‌ಗೆ ಆರ್ಡರ್ ಹಾಕುವ ಸುಗ್ಗಿಯಲ್ಲೇ ಒಂದು ಸಲ ಹೊಳೆ ದಾಟಿ ಮೇಡ್ಲೇರಿಗೂ ಹೋಗಿ, ಮುಂಗಡ ಕೊಟ್ಟು, ಈ ಅಳತೆಯಲ್ಲಿ ಇಂಥದ್ದು ಬೇಕು ಎಂದು ನೇಯಿಸಿಕೊಳ್ಳಲಿ.